ಕಂಬಳಿಗಾರ ಬೇಡಿದ್ದು

ಶಿಷ್ಯ ಬೊಪ್ಪಯ್ಯ ಕೇಳಿದ: "ಗುರುಗಳೇ, ದಿನವೂ ಬೆಳಗಿನ ಜಾವ ಎದ್ದು ‘ಎಲ್ಲರಿಗೂ ಒಳ್ಳೆಯದಾಗಲಿ’ ಎಂದು ಬೇಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ, ಒಂದು ಅಕ್ಷರವೂ ತಪ್ಪಿಲ್ಲ. ಆದರೂ ಲೋಕ ಇದ್ದ ಹಾಗೆಯೇ ಇದೆ. ದೇವರಿಗೆ ನನ್ನ ಮಾತು ಕೇಳಿಸುವುದಿಲ್ಲವೇ?"

ಗುರುಗಳು ಯೌವನದಲ್ಲಿ ಪಡುವಣ ಕರಾವಳಿಯ ಬಂದರುಗಳಲ್ಲಿ ಅಲೆದವರು. ಹಡಗುಗಳಲ್ಲಿ ಕುದುರೆ ತರುವ ದೂರದೇಶದ ವ್ಯಾಪಾರಿಗಳ ಜೊತೆ ಕೂತು, ಅವರು ಹೇಳಿದ ಕತೆಗಳನ್ನು ಕೇಳಿದವರು. ಅಂಥ ಒಬ್ಬ ವ್ಯಾಪಾರಿ ತಾನು ಕಂಡ ಊರೊಂದರ ಬಗ್ಗೆ ಹೇಳಿದ ಸಂಗತಿಯನ್ನು ಅವರು ಬೊಪ್ಪಯ್ಯನಿಗೆ ಹೇಳಿದರು.

ಬಡಗಣ ದಿಕ್ಕಿನಲ್ಲಿ, ಹಿಮದ ಬೆಟ್ಟಗಳ ಆಚೆ, ಒಬ್ಬ ಚಕ್ರವರ್ತಿ ಇದ್ದ. ಹುಲ್ಲುಗಾವಲಿನ ಡೇರೆಯಲ್ಲಿ ಹುಟ್ಟಿದವನು. ನಡೆಯುವುದಕ್ಕೆ ಮೊದಲೇ ಕುದುರೆ ಹತ್ತಲು ಕಲಿತವನು. ಕುದುರೆಯ ಮೇಲೆ ಕೂತೇ ಲೋಕದ ಅರ್ಧಭಾಗ ಗೆದ್ದ. ಗೆದ್ದ ಮೇಲೆ ಅವನಿಗೊಂದು ತೊಡಕು ಎದುರಾಯಿತು. ಈ ಊರಿನಲ್ಲಿ ಒಬ್ಬ ದೇವರು, ಮುಂದಿನ ಊರಿನಲ್ಲಿ ಇನ್ನೊಬ್ಬ. ನಿಜವಾದ ದೇವರು ಯಾರು ಎಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮವನನ್ನೇ ತೋರಿಸುತ್ತಾರೆ. ಚಕ್ರವರ್ತಿ ಜಾಣ. ಈ ಜಗಳ ನನಗೇಕೆ, ಎಲ್ಲರನ್ನೂ ಒಲಿಸಿಕೊಂಡರೆ ಆಯಿತು, ನಿಜವಾದವನು ಯಾರೋ ಅವನು ಕೈ ಹಿಡಿಯುತ್ತಾನೆ ಎಂದುಕೊಂಡ. ಹಾಗೆಂದು ಒಂದು ಕಟ್ಟಳೆ ಹೊರಡಿಸಿದ. ಮಸೀದಿಯವನಾಗಲಿ, ಶಿಲುಬೆಯವನಾಗಲಿ, ಬುದ್ಧನವನಾಗಲಿ, ದೇವರ ಕೆಲಸ ಮಾಡುವವನ ಮನೆಗೆ ತೆರಿಗೆ ಇಲ್ಲ. ಆ ಮನೆಯ ಗಂಡುಮಕ್ಕಳನ್ನು ದಂಡಿಗೆ ಎಳೆದೊಯ್ಯುವಂತೆಯೂ ಇಲ್ಲ. ಅದಕ್ಕೆ ಬದಲಾಗಿ ಅವನು ದಿನವೂ ಚಕ್ರವರ್ತಿಯ ಆಯುಷ್ಯಕ್ಕಾಗಿ, ಗೆಲುವಿಗಾಗಿ ತನ್ನ ದೇವರಲ್ಲಿ ಬೇಡಬೇಕು.

ಆ ರಾಜ್ಯದ ಒಂದು ಮೂಲೆಯಲ್ಲಿ ಒಂದು ಕಣಿವೆ, ಕಣಿವೆಯಲ್ಲಿ ಒಂದು ಊರು. ಊರಿನ ಜನ ಕುರಿ ಸಾಕುವವರು, ಕಂಬಳಿ ಮಾಡುವವರು. ಅಲ್ಲಿ ಕಂಬಳಿಯನ್ನು ನಮ್ಮ ಹಾಗೆ ಮಗ್ಗದಲ್ಲಿ ನೇಯುವುದಿಲ್ಲ. ಉಣ್ಣೆಯನ್ನು ಚಾಪೆಯ ಮೇಲೆ ಹಾಸಿ, ಬಿಸಿನೀರು ಚಿಮುಕಿಸಿ, ಚಾಪೆಯ ಸಮೇತ ಸುರುಳಿ ಸುತ್ತಿ, ಮೊಣಕೈಯಿಂದ ಒತ್ತುತ್ತ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾರೆ. ಉರುಳಿಸಿದಷ್ಟೂ ಕೂದಲು ಕೂದಲನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಹಾಸಲು ಅದೇ, ಹೊದೆಯಲು ಅದೇ, ಡೇರೆಯ ಗೋಡೆಗೂ ಅದೇ.

ದೇವರ ವಿಷಯದಲ್ಲಿ ಆ ಊರಿನವರು ಗಟ್ಟಿಯೂ ಅಲ್ಲ, ಸಡಿಲವೂ ಅಲ್ಲ. ಹಿಂದೆ ಬುದ್ಧನನ್ನು ನಂಬುವ ರಾಜರಿದ್ದಾಗ ಬೆಟ್ಟದಲ್ಲಿ ಗುಹೆ ಕೊರೆದಿದ್ದರು. ಆಮೇಲೆ ಶಿಲುಬೆಯ ಗುಡಿ ಬಂತು. ಅದಾದ ಮೇಲೆ ಮಸೀದಿ ಬಂತು. ಒಬ್ಬೊಬ್ಬ ರಾಜ ಹೋದಾಗಲೂ ಗೋಡೆಗಳು ಉಳಿದವು. ಈಚಿನ ಯುದ್ಧದಲ್ಲಿ ಅಳಿದುಳಿದ ಗುರುಗಳೂ ಊರು ಬಿಟ್ಟಿದ್ದರು. ಜನ ಕಷ್ಟ ಬಂದಾಗ ಮೂರು ಕಡೆಯೂ ದೀಪ ಹಚ್ಚುತ್ತಿದ್ದರು. ಸುಖವಿದ್ದಾಗ ಎಲ್ಲಿಯೂ ಹಚ್ಚುತ್ತಿರಲಿಲ್ಲ. ಈ ಗುಣ ಆ ಊರಿಗೆ ಮಾತ್ರ ಸೇರಿದ್ದು ಎಂದು ನಾನು ಹೇಳಲಾರೆ.

ಅಲ್ಲಿ ಒಬ್ಬ ಕಂಬಳಿಗಾರ ಇದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಕಂಬಳಿ ಮಾರಲು ದೂರದ ಪಟ್ಟಣಕ್ಕೆ ಹೋಗಿದ್ದಾಗ ಚಕ್ರವರ್ತಿಯ ದಂಡು ಆ ಪಟ್ಟಣಕ್ಕೆ ಮುತ್ತಿಗೆ ಹಾಕಿತು. ಪಟ್ಟಣವೂ ಉಳಿಯಲಿಲ್ಲ, ಒಳಗಿದ್ದವರೂ ಉಳಿಯಲಿಲ್ಲ. ತಂದೆಗೆ ಮಗನ ಹೆಣವೂ ಸಿಗಲಿಲ್ಲ. ಕಿರಿಯವನಿಗೆ ಈಗ ಮೀಸೆ ಚಿಗುರುವ ವಯಸ್ಸು. ಅವನು ಕುರಿ ಹೊಡೆದುಕೊಂಡು ಗುಡ್ಡದ ಮರೆಗೆ ಹೋದರೂ ತಾಯಿಯ ಜೀವ ಹೊಡೆದುಕೊಳ್ಳುತ್ತಿತ್ತು. ಕಂಬಳಿಗಾರ ಕೆಲಸ ಮಾಡುವಾಗ ಯಾವಾಗಲೂ ಗುಡ್ಡ ಕಾಣುವ ಹಾಗೆ ಕೂರುತ್ತಿದ್ದ.

ಒಂದು ವಸಂತದಲ್ಲಿ ಸುದ್ದಿ ಬಂತು. ಚಕ್ರವರ್ತಿ ಇನ್ನೂ ದೂರದ ದೇಶದ ಮೇಲೆ ದಂಡೆತ್ತಿ ಹೋಗಿದ್ದಾನೆ, ಮನೆಗೊಬ್ಬ ಗಂಡುಮಗನನ್ನು ಕಳಿಸಬೇಕು, ಕರೆದೊಯ್ಯಲು ಅಧಿಕಾರಿ ಬರುತ್ತಿದ್ದಾನೆ ಎಂದು. ಅದರ ಬೆನ್ನಿಗೇ ಹಳೆಯ ಕಟ್ಟಳೆಯ ಮಾತೂ ಊರಿಗೆ ಮುಟ್ಟಿತು. ದೇವರ ಕೆಲಸದವರ ಮನೆಗೆ ವಿನಾಯಿತಿ ಉಂಟು.

ಊರ ಯಜಮಾನ ಜನರನ್ನೆಲ್ಲ ಅಕ್ರೋಟಿನ ಮರದ ಕೆಳಗೆ ಕೂಡಿಸಿದ. "ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು," ಎಂದ. "ಇನ್ನು ಮೇಲೆ ಈ ಊರಿನಲ್ಲಿ ಎಲ್ಲ ಮನೆಯೂ ದೇವರ ಮನೆ. ಎಲ್ಲರೂ ದೇವರ ಕೆಲಸದವರು."

ಜನಕ್ಕೆ ಮಾತು ಹಿಡಿಸಿತು. ಆದರೆ ಯಾರಿಗೆ ಯಾವ ದೇವರು? ಎಲ್ಲರೂ ಒಂದೇ ದೇವರನ್ನು ಹಿಡಿದರೆ ಅಧಿಕಾರಿಗೆ ಸಂಶಯ ಬಂದೀತು. ಅದಕ್ಕೂ ಆ ಊರಿನಲ್ಲಿ ಒಂದು ದಾರಿ ಇತ್ತು. ಪ್ರತಿ ವರ್ಷವೂ ಯಾವ ಮನೆಯ ಕುರಿಗೆ ಯಾವ ಇಳಿಜಾರಿನ ಹುಲ್ಲು ಎಂಬುದನ್ನು ಅವರು ಕುರಿಯ ಗಿಣ್ಣುಮೂಳೆ ಎಸೆದು ಗೊತ್ತುಮಾಡುತ್ತಿದ್ದರು. ಮೂಳೆ ಯಾವ ಮಗ್ಗುಲಿಗೆ ಬಿತ್ತೋ ಅದೇ ತೀರ್ಪು, ಅದಕ್ಕೆ ತಕರಾರಿಲ್ಲ. ದೇವರನ್ನೂ ಹಾಗೆಯೇ ಹಂಚಿಕೊಂಡರು.

ಕಟುಕನಿಗೆ ಬುದ್ಧ ಬಂದ. ಅವನು ತಲೆ ಬೋಳಿಸಿಕೊಂಡು ಕತ್ತಿಯನ್ನು ಅಟ್ಟಕ್ಕೆ ಹಾಕಿದ. ಯಜಮಾನನಿಗೆ ಮಸೀದಿ ಬಂತು. ಅವನ ದ್ರಾಕ್ಷಿ ಹೆಂಡದ ಜಾಡಿಗಳು ರಾತ್ರೋರಾತ್ರಿ ಮಾವನ ಮನೆ ಸೇರಿದವು. ಕಂಬಳಿಗಾರನಿಗೆ ಶಿಲುಬೆ ಬಂತು. ಅವನು ಎರಡು ಕಡ್ಡಿಗಳನ್ನು ಉಣ್ಣೆಯ ದಾರದಿಂದ ಕಟ್ಟಿ ಬಾಗಿಲ ಮೇಲೆ ನೇತುಹಾಕಿದ. ಪಕ್ಕದ ಮನೆಯವನು ಅದನ್ನು ನೋಡಿ, ಬೆದರುಗೊಂಬೆಗೆ ಅಂಗಿ ತೊಡಿಸುವುದು ಯಾವಾಗ ಎಂದು ಕೇಳಿ ನಕ್ಕ. ಊರಿನಲ್ಲಿ ಆ ದಿನಗಳಲ್ಲಿ ನಗುವಿಗೆ ಬರವಿರಲಿಲ್ಲ. ಮಕ್ಕಳು ಉಳಿಯುತ್ತಾರೆಂಬ ನಗು ಅದು.

ದೇವರು ಮೂವರಾದರೂ ಪ್ರಾರ್ಥನೆ ಒಂದೇ. ಅದನ್ನು ಕಟ್ಟಿದವನು ಯಜಮಾನನೇ. ಮೊದಲಿಗೆ ಬರುವ ದೇವರ ಹೆಸರನ್ನು ಮಾತ್ರ ಅವರವರಿಗೆ ತಕ್ಕಂತೆ ಬದಲಿಸಿಕೊಂಡರೆ ಆಯಿತು. "ಚಕ್ರವರ್ತಿಗೆ ನೂರು ವರ್ಷ ಆಯುಷ್ಯ ಕೊಡು. ಅವನ ಕುದುರೆ ಕಾಲಿಟ್ಟಲ್ಲೆಲ್ಲ ಗೆಲುವು ಕೊಡು. ಅವನ ಬಾಣ ಗುರಿ ತಪ್ಪದಿರಲಿ." ಇಷ್ಟೇ.

ಕಂಬಳಿಗಾರ ಅದನ್ನು ಉಳಿದೆಲ್ಲರಿಗಿಂತ ಬೇಗ ಕಲಿತ. ಸುರುಳಿ ಉರುಳಿಸುವ ಲಯಕ್ಕೆ ಆ ಮಾತುಗಳು ಸರಿಯಾಗಿ ಹೊಂದುತ್ತಿದ್ದವು. ಹಿಂದಕ್ಕೆ ಉರುಳಿಸುವಾಗ ಆಯುಷ್ಯ, ಮುಂದಕ್ಕೆ ಉರುಳಿಸುವಾಗ ಗೆಲುವು. ಅವನು ಹೇಳುತ್ತಿದ್ದರೆ ಮಗನೂ ಜೊತೆಗೆ ಹೇಳುತ್ತಿದ್ದ. ಒಂದೊಂದು ಸಲ ಕೊನೆಯ ಸಾಲಿಗೆ ಬಂದಾಗ ಕಂಬಳಿಗಾರನ ಮೊಣಕೈ ನಿಲ್ಲುತ್ತಿತ್ತು. ಹೆಂಡತಿ ಅದನ್ನು ಗಮನಿಸಿದಳು.

"ನಿಮಗೆ ಅದು ಬರುತ್ತದೋ ಇಲ್ಲವೋ?" ಎಂದು ಕೇಳಿದಳು.

"ಬಾಯಿಗೆ ಬರುತ್ತದೆ."

"ಬಾಯಿಗೆ ಬಂದರೆ ಸಾಕು. ನಿಮ್ಮ ಎದೆಯನ್ನು ಇಲ್ಲಿ ಕೇಳಿದವರು ಯಾರು? ನಾಲ್ಕು ಮಾತು ಆಡಿಬಿಡಿ, ಮಗು ಮನೆಯಲ್ಲಿ ಉಳಿಯುತ್ತಾನೆ. ಸತ್ತವನು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಹೆತ್ತವಳು, ನಾನು ಹೇಳುತ್ತೇನೆ."

ಕಂಬಳಿಗಾರ ಹೂಂ ಎಂದ. ಅವಳ ಮಾತು ಸುಳ್ಳಲ್ಲ ಎಂದು ಅವನಿಗೂ ಅನಿಸಿತು.

ಅಧಿಕಾರಿ ಬಂದ. ಅವನು ಹುಲ್ಲುಗಾವಲಿನವನಲ್ಲ. ಚಕ್ರವರ್ತಿ ಮೊದಮೊದಲು ಗೆದ್ದ ನಾಡುಗಳಲ್ಲಿ ಒಂದರವನು, ಓದುಬರಹ ಬಲ್ಲವನೆಂದು ದಂಡಿನ ಜೊತೆ ಕರೆತಂದಿದ್ದರು. ತಲೆಗೂದಲು ಕಪ್ಪಿದ್ದಾಗ ಮನೆ ಬಿಟ್ಟವನು. ಈಗ ಗಡ್ಡವೂ ಬಿಳಿ. ಅವನ ಹಿಂದೆ ಬಂದ ಸೈನಿಕರು ಯುವಕರನ್ನು ಕೂರಿಸಿಕೊಂಡು ಹೋಗಲು ಜೀನು ಬಿಗಿದ ಖಾಲಿ ಕುದುರೆಗಳನ್ನೂ ತಂದಿದ್ದರು. ಅವುಗಳನ್ನು ನೋಡಿ ಊರಿನ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಅಧಿಕಾರಿ ಮರದ ಕೆಳಗೆ ಕಂಬಳಿಯ ಮೇಲೆ ಕೂತ. ಊರಿನಲ್ಲಿರುವವರೆಲ್ಲರೂ ದೇವರ ಕೆಲಸದವರೇ ಎಂದು ಯಜಮಾನ ಅರಿಕೆ ಮಾಡಿಕೊಂಡ. ಅಧಿಕಾರಿ ನಗಲಿಲ್ಲ, ಗದರಲೂ ಇಲ್ಲ.

"ನಿಮ್ಮ ಶಾಸ್ತ್ರಗಳು ನನಗೆ ತಿಳಿಯವು," ಎಂದ. "ಆದ್ದರಿಂದ ಪರೀಕ್ಷೆ ಮಾಡಲು ಹೋಗುವುದಿಲ್ಲ. ಮನೆಗೊಬ್ಬರಂತೆ ಮುಂದೆ ಬಂದು ಚಕ್ರವರ್ತಿಗಾಗಿ ನಿಮ್ಮ ದೇವರಲ್ಲಿ ಬೇಡಿಕೊಳ್ಳಿ. ನಾನು ಕೇಳಿಸಿಕೊಳ್ಳುತ್ತೇನೆ."

ಇಷ್ಟೇ ತಾನೇ ಎಂದು ಜನ ಉಸಿರು ಬಿಟ್ಟರು. ಯಜಮಾನ ಮೊದಲು ಬಂದ, ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿದ. ಕಟುಕ ಬಂದ. ಅವನ ದನಿ ಕಂಚಿನದು, ಗುಡ್ಡಕ್ಕೆ ಬಡಿದು ಮರುದನಿ ಕೊಟ್ಟಿತು. ಕುರುಬರು ಬಂದರು, ಬಡಗಿ ಬಂದ, ಗಿರಣಿಯವನು ಬಂದ. ಒಂದೇ ಮಾತು ಮೂರು ದೇವರ ಹೆಸರಿನಲ್ಲಿ ಹರಿಯಿತು. ಸೈನಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕರು. ಅಧಿಕಾರಿ ಮಾತ್ರ ಪ್ರತಿಯೊಬ್ಬರಿಗೂ ತಲೆದೂಗಿದ.

ಕಂಬಳಿಗಾರನ ಸರದಿ ಬಂತು. ಅವನು ಮೊಣಕಾಲೂರಿ ಕೂತ. ಕಣ್ಣು ಮುಚ್ಚಿದ. "ದೇವರೇ," ಎಂದ.

ಅಷ್ಟಕ್ಕೆ ನಿಂತಿತು.

ಯಜಮಾನ ಹಿಂದಿನಿಂದ ಪಿಸುಮಾತಿನಲ್ಲಿ ಎತ್ತಿಕೊಟ್ಟ: "ಚಕ್ರವರ್ತಿಗೆ ನೂರು ವರ್ಷ..." ಕಂಬಳಿಗಾರನ ತುಟಿ ಅಲುಗಿತು, ದನಿ ಬರಲಿಲ್ಲ. ಯಜಮಾನ ಇನ್ನೊಮ್ಮೆ ಎತ್ತಿಕೊಟ್ಟ. ಜನರ ಮಧ್ಯದಲ್ಲಿ ಕಿರಿಯ ಮಗ ನಿಂತಿದ್ದ. ತಾಯಿ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ಗಂಡನ ಬೆನ್ನನ್ನೇ ನೋಡುತ್ತಿದ್ದಳು. ಆಡಿಬಿಡಿ, ಆಡಿಬಿಡಿ ಎಂದು ಅವಳ ಜೀವವೆಲ್ಲ ಕೂಗುತ್ತಿತ್ತು. ಅದು ಅವನಿಗೆ ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು.

"ಮರೆತೆಯಾ?" ಎಂದು ಅಧಿಕಾರಿ ಕೇಳಿದ.

"ಇಲ್ಲ ಸ್ವಾಮಿ. ಚೆನ್ನಾಗಿ ಬರುತ್ತದೆ. ಕುರಿಗಳ ಮುಂದೆ ಹೇಳಿದ್ದೇನೆ, ಉಣ್ಣೆಯ ಮುಂದೆ ಹೇಳಿದ್ದೇನೆ. ಎಲ್ಲಿಯೂ ಬಾಯಿ ತಡೆಯಲಿಲ್ಲ."

"ಮತ್ತೆ ಇಲ್ಲೇಕೆ ತಡೆಯಿತು?"

ಕಂಬಳಿಗಾರನಿಗೆ ಭಯವಾಗಿತ್ತು. ಭಯವಿದ್ದರೂ ಬೇರೆ ಉತ್ತರ ಅವನಿಗೆ ಸಿಗಲಿಲ್ಲ.

"ನಿಮ್ಮ ದಂಡು ನನ್ನ ಹಿರಿಮಗನನ್ನು ಕೊಂದಿತು ಸ್ವಾಮಿ. ಬಾಣವೋ ಬೆಂಕಿಯೋ ಅದೂ ನನಗೆ ತಿಳಿಯದು. ಕುರಿಗಳ ಮುಂದೆ ಆಡಿದ್ದು ಬರೀ ಮಾತು. ಇಲ್ಲಿ ಮೊಣಕಾಲೂರಿ ದೇವರೇ ಎಂದ ಕೂಡಲೇ ಆ ದೇವರು ಈ ಕಡೆ ತಿರುಗಿದ ಹಾಗಾಯಿತು. ಬಾಣ ಗುರಿ ತಪ್ಪದಿರಲಿ ಎಂದು ನಾನು ಕೇಳಿ, ಅವನು ಆಗಲಿ ಎಂದುಬಿಟ್ಟರೆ? ಆ ಬಾಣದ ಮುಂದೆಯೂ ಯಾರದೋ ಮಗನಿರುತ್ತಾನೆ. ನನ್ನಿಂದ ಆಗದು."

ಜನ ಗರಬಡಿದವರಂತೆ ನಿಂತರು. ಒಬ್ಬ ಸೈನಿಕ ಕತ್ತಿಯ ಹಿಡಿಗೆ ಕೈ ಹಾಕಿದ. ಅಧಿಕಾರಿ ಅವನತ್ತ ನೋಡಿದ ಮೇಲೆ ಕೈ ತೆಗೆದ.

"ಆ ಮಾತು ಬೇಡ," ಎಂದ ಅಧಿಕಾರಿ. ಅವನ ದನಿ ಇಳಿದಿತ್ತು. "ಚಕ್ರವರ್ತಿಗಾಗಿ ನೀನು ಬೇಡಬಹುದಾದದ್ದು ಬೇರೆ ಏನೂ ಇಲ್ಲವೇ? ಯೋಚಿಸಿ ನೋಡು. ನಾನು ಕಾಯುತ್ತೇನೆ."

ಕಂಬಳಿಗಾರ ಯೋಚಿಸಿದ. ಕಾಣದ ಒಬ್ಬ ಮನುಷ್ಯನಿಗಾಗಿ, ಅದೂ ತನ್ನ ಮನೆಯ ದೀಪ ಆರಿಸಿದವನಿಗಾಗಿ, ಮನಸ್ಸೊಪ್ಪಿ ಏನನ್ನು ಬೇಡುವುದು? ಆಯುಷ್ಯ ಎಂದರೆ ಮನಸ್ಸು ಒಲ್ಲೆ ಎನ್ನುತ್ತಿತ್ತು. ಸಾವು ಎಂದರೆ, ಅದು ಪ್ರಾರ್ಥನೆಯಲ್ಲ. ಮರದ ನೆರಳು ಅಧಿಕಾರಿಯ ಕಂಬಳಿಯಿಂದ ಆಚೆಗೆ ಸರಿಯಿತು. ಕೊನೆಗೆ ಅವನು ತಲೆ ಎತ್ತಿದ. ಒಂದೊಂದೇ ಮಾತು, ನಡುನಡುವೆ ನಿಂತು ನಿಂತು ಬಂತು.

"ದೇವರೇ. ಆ ದೊರೆ ಮನೆ ಬಿಟ್ಟು ಬಹಳ ಕಾಲವಾಯಿತು. ಅವನಿಗೆ ಮನೆಯ ನೆನಪು ಕೊಡು. ಅವನ ಕುದುರೆಯ ಮುಖವನ್ನು ಅವನ ಊರ ಕಡೆಗೆ ತಿರುಗಿಸು. ಅವನ ಜೊತೆ ಹೋದವರೂ ಅವರವರ ಮನೆ ಸೇರಲಿ." ಇಲ್ಲಿ ಅವನ ಮಾತು ಬಹಳ ಹೊತ್ತು ನಿಂತಿತು. ಆಮೇಲೆ ಹೇಳಿದ: "ಅಲ್ಲಿ ಅವನು ಚೆನ್ನಾಗಿರಲಿ."

ಕೊನೆಯ ಮಾತು ಆಡಿದ ಮೇಲೆ ಅವನು ಅತ್ತ. ಹಿರಿಮಗ ಸತ್ತ ಸುದ್ದಿ ಬಂದ ದಿನ ಅತ್ತವನು ಆಮೇಲೆ ಅತ್ತದ್ದು ಆಗಲೇ.

ಕತ್ತಿಗೆ ಕೈ ಹಾಕಿದ್ದ ಸೈನಿಕ ಮುಂದೆ ಬಂದು, "ಸ್ವಾಮಿ, ಚಕ್ರವರ್ತಿ ದಂಡಯಾತ್ರೆ ಬಿಟ್ಟು ಬರಲಿ ಎನ್ನುವುದು ದ್ರೋಹವಲ್ಲವೇ?" ಎಂದ.

"ದ್ರೋಹವೇ?" ಎಂದ ಅಧಿಕಾರಿ. "ಚಕ್ರವರ್ತಿಯ ತಾಯಿ ಪ್ರತಿ ಸಂಜೆ ಡೇರೆಯ ಬಾಗಿಲಲ್ಲಿ ನಿಂತು ಇದನ್ನೇ ಬೇಡುತ್ತಾಳೆ. ಮೊದಲು ಅವಳನ್ನು ಹಿಡಿ, ಆಮೇಲೆ ಇವನನ್ನು ಹಿಡಿ."

ಅವನು ಎದ್ದು ನಿಂತು ತೀರ್ಪು ಹೇಳಿದ. "ಬೇಡುವವರಿಗೆ ವಿನಾಯಿತಿ ಎಂದು ಕಟ್ಟಳೆ. ಈ ಊರಿನಲ್ಲಿ ಮಾತು ಬಹಳ ಕೇಳಿದೆ. ನಿಜವಾಗಿ ಬೇಡಿದ್ದನ್ನು ಕೇಳಿದ್ದು ಒಬ್ಬನ ಬಾಯಿಂದ ಮಾತ್ರ. ಇವನ ಮಗ ಮನೆಯಲ್ಲಿರಲಿ. ಉಳಿದ ಮನೆಗಳವರು ಮಕ್ಕಳನ್ನು ಹೊರಡಿಸಿ."

ಆಗ ಎದ್ದ ಗೋಳನ್ನು ಏನೆಂದು ಹೇಳಲಿ. ತಾಯಂದಿರು ಕುದುರೆಯ ಕಾಲಿಗೆ ಬಿದ್ದರು. ಕಂಬಳಿಗಾರನ ಹೆಂಡತಿ ಮಗನನ್ನು ಅಪ್ಪಿಕೊಂಡು, ಉಳಿದ ಹೆಂಗಸರ ಮುಖ ನೋಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಂಬಳಿಗಾರನಿಗೆ ತನ್ನ ಮಗ ಉಳಿದನೆಂದು ಸಂತೋಷಪಡಲು ಆಗಲಿಲ್ಲ. ಅವನು ಅಧಿಕಾರಿಯ ಹಿಂದೆ ಓಡಿದ.

"ಸ್ವಾಮಿ, ಇವರ ಮಕ್ಕಳ ಗತಿ?"

ಅಧಿಕಾರಿ ಕುದುರೆ ಹತ್ತಿದವನು ಬಾಗಿ ಹೇಳಿದ: "ನೀನು ಬೇಡಿದ್ದು ಇವರಿಗಾಗಿಯೂ ಅಲ್ಲವೇ? ಬಿಡಬೇಡ. ದಿನವೂ ಬೇಡು." ಲಗಾಮು ತಿರುಗಿಸುತ್ತ, "ನನಗೂ ಒಂದು ಮನೆ ಇತ್ತು," ಎಂದ. ಕುದುರೆಗಳು ಕಣಿವೆಯ ಬಾಯಿ ದಾಟಿ ಹೋದವು.

ಊರವರು ಕೆಲವು ದಿನ ಕಂಬಳಿಗಾರನ ಜೊತೆ ಮಾತು ಬಿಟ್ಟರು. ಅವನ ಬಾಗಿಲ ಮೇಲಿನ ಕಡ್ಡಿಗಳನ್ನು ಯಾರೋ ಕಿತ್ತು ಎಸೆದರು. ಅವನು ದೂರಲಿಲ್ಲ. ದಿನವೂ ಸಂಜೆ, ಕೆಲಸ ಮುಗಿಸಿ, ಮರದ ಕೆಳಗೆ ಮೊಣಕಾಲೂರಿ ಅದೇ ಮಾತನ್ನು ಬೇಡುತ್ತಿದ್ದ. ದಿನವೂ ಅವನ ಮಾತು ಅದೇ ಜಾಗದಲ್ಲಿ ತಡೆಯುತ್ತಿತ್ತು. ಚೆನ್ನಾಗಿರಲಿ ಎನ್ನುವ ಮೊದಲು ಅವನು ಬಹಳ ಹೊತ್ತು ಒದ್ದಾಡುತ್ತಿದ್ದ.

ಒಂದು ಸಂಜೆ ಯಜಮಾನ ಬಂದು ಅವನ ಪಕ್ಕದಲ್ಲಿ ಕೂತ. ಅವನ ಒಬ್ಬನೇ ಮಗ ದಂಡಿನ ಜೊತೆ ಹೋಗಿದ್ದ. "ಆ ಮಾತನ್ನು ನನಗೂ ಹೇಳಿಕೊಡಪ್ಪ," ಎಂದ. ಕಂಬಳಿಗಾರ ಹೇಳಿಕೊಟ್ಟ. ಊರಿಗೆಲ್ಲ ಪ್ರಾರ್ಥನೆ ಕಟ್ಟಿಕೊಟ್ಟಿದ್ದ ಯಜಮಾನ, ಕಂಬಳಿಗಾರ ಒದ್ದಾಡುವ ಜಾಗಕ್ಕೆ ಬಂದಾಗ ತಾನೂ ನಿಂತುಬಿಟ್ಟ. ಅವನಿಗೆ ಆ ಸಂಜೆ ಅದನ್ನು ಮುಗಿಸಲು ಆಗಲಿಲ್ಲ. ಮಾರನೆಯ ಸಂಜೆ ಕಟುಕ ಬಂದ, ಆಮೇಲೆ ಬಡಗಿ ಬಂದ, ಆಮೇಲೆ ಹೆಂಗಸರು ಬಂದರು. ಕೆಲವರು ಮಸೀದಿಯ ಕಡೆ ಮುಖ ಮಾಡಿದರು, ಕೆಲವರು ಗುಹೆಯ ಕಡೆ ಮುಖ ಮಾಡಿದರು. ಮೂಳೆ ಎಸೆದು ಕೇಳಿದವರು ಯಾರೂ ಇರಲಿಲ್ಲ. ಒಂದು ಕಾಲಕ್ಕೆ ಎಲ್ಲವನ್ನೂ ಸರಾಗವಾಗಿ ಒಪ್ಪಿಸಿದ್ದ ಊರು ಅದು. ಈಗ ಅಲ್ಲಿ ಒಬ್ಬರ ಬಾಯಿಂದಲೂ ಆ ನಾಲ್ಕು ಮಾತು ತಡೆಯಿಲ್ಲದೆ ಬರುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಬೊಪ್ಪಯ್ಯ ಕಾದು ನೋಡಿದ. ಅವರು ಮುಂದುವರಿಸುವಂತೆ ಕಾಣಲಿಲ್ಲ. "ಗುರುಗಳೇ, ಅವರು ಬೇಡಿದ್ದು ನಡೆಯಿತೇ? ಚಕ್ರವರ್ತಿ ಮನೆಗೆ ತಿರುಗಿದನೇ? ಮಕ್ಕಳು ಬಂದರೇ?"

"ನಾನೂ ಕುದುರೆ ವ್ಯಾಪಾರಿಯನ್ನು ಅದನ್ನೇ ಕೇಳಿದೆ," ಎಂದರು ಗುರುಗಳು. "ಅವನು ಆ ಊರು ಬಿಟ್ಟಾಗ ಅವರಿನ್ನೂ ಬೇಡುತ್ತಲೇ ಇದ್ದರಂತೆ. ಅದಿರಲಿ. ನೀನು ದಿನವೂ ‘ಎಲ್ಲರಿಗೂ ಒಳ್ಳೆಯದಾಗಲಿ’ ಎನ್ನುತ್ತೀಯಲ್ಲ ಬೊಪ್ಪಯ್ಯ, ಆ ಎಲ್ಲರಲ್ಲಿ ಯಾರದಾದರೂ ಒಂದು ಮುಖ ಎದುರಿಗೆ ಬಂದು ನಿನ್ನ ಬಾಯಿ ಕಟ್ಟಿದ್ದುಂಟೇ?"

ಬೊಪ್ಪಯ್ಯ ಉತ್ತರ ಕೊಡಲು ಬಾಯಿ ತೆರೆದ. ಮಾತು ಬರಲಿಲ್ಲ.